ನಾಗಿಯ ತಲೆಯೊಳಗಿನ ಉಪ್ಪು

ಮೀನಿಗೆ ಉಪ್ಪು ಹಾಕುವುದರಲ್ಲಿ ಬೆಳಕೆಯ ನಾಗಿಯ ಕೈಗುಣದ ಬಗ್ಗೆ ಭಟ್ಕಳ ಪೇಟೆಯಲ್ಲಿ ಎರಡು ಮಾತಿಲ್ಲ. ಎರಡು ವರ್ಷದ ಹಿಂದೆ ಬಂಗಡೆ ರಾಶಿಯ ಎದುರೇ ಕುಸಿದು ಬಿದ್ದಳು. ಮೆದುಳಿನ ರಕ್ತನಾಳ ಕಟ್ಟಿಕೊಂಡಿತ್ತು. ಜೀವ ಉಳಿಯಿತು, ಮಾತು ಹೋಯಿತು. ಇಡೀ ಪೇಟೆಯನ್ನು ಬಾಯಲ್ಲೇ ಆಳಿದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ದೂರದ ದೊಡ್ಡಾಸ್ಪತ್ರೆಯವರು ಆರು ತಿಂಗಳು ಕೂರಿಸಿಕೊಂಡು ಒಂದೊಂದೇ ಮಾತು ಕಲಿಸಿದರು. ಉದ್ದದ ಹೆಸರುಗಳು ಮಾತ್ರ ಇನ್ನೂ ನಾಲಿಗೆಗೆ ಸಿಗವು. ಹಾಗಾಗಿ ಹುಡುಗಿಯರೆಲ್ಲ ಅವಳಿಗೆ ಬರೀ ‘ತಂಗಿ’.

ಅದೇ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವ ಕುಮಟೆಯ ದಿವ್ಯಶ್ರೀ ಒಂದು ದಿನ ಫೋನು ಮಾಡಿದಳು.

“ನಾಗಕ್ಕ, ಎಂಆರ್‌ಐಯಲ್ಲಿ ನಿಮ್ಮ ಮೆದುಳಿನ ಸೋಡಿಯಂ ಚಿತ್ರ ತೆಗೀಬೇಕು. ಸೋಡಿಯಂ ಅಂದ್ರೆ ಉಪ್ಪಿನಲ್ಲಿರೋದೇ. ಚಿತ್ರ ಬಾಳ ಮಸುಕು ಬತ್ತದೆ, ಅದನ್ನ ಸ್ಪಷ್ಟ ಮಾಡೋದೇ ನನ್ನ ಕೆಲಸ. ಅರ್ಧ ಗಂಟೆ ಅಲುಗದೆ ಮಲಗಿದ್ರೆ ಆತು.”

“ಬರ್ತೆ ತಂಗಿ,” ಎಂದಳು ನಾಗಿ. ಹೋದ ಮಾತನ್ನು ಮರಳಿ ಕೊಟ್ಟ ಜನಕ್ಕೆ ಇಷ್ಟೂ ಮಾಡದಿದ್ದರೆ ಹೇಗೆ?

ಆಮೇಲೆ ಶುರುವಾಯಿತು ಅವಳ ಬುದ್ಧಿವಂತಿಕೆ. ನಲವತ್ತು ವರ್ಷ ಉಪ್ಪಿನಲ್ಲೇ ಕಳೆದ ಮೈ. ತಲೆ ತುಂಬ ಉಪ್ಪೇ ಕಂಡು ಹುಡುಗಿಯ ಚಿತ್ರ ಕೆಟ್ಟರೆ? ಉಪ್ಪು ಹೆಚ್ಚಾದ ಮೀನನ್ನು ನೀರಲ್ಲಿ ನೆನೆಸಿ ಬಿಡಿಸುವವಳು ತನ್ನ ಮೈಯನ್ನೂ ಹಾಗೇ ಬಿಡಿಸಲು ಹೊರಟಳು. ನಾಲ್ಕು ದಿನ ಉಪ್ಪು ಮುಟ್ಟಲಿಲ್ಲ. ಸಪ್ಪೆ ಗಂಜಿ ಗಂಟಲಲ್ಲಿ ಇಳಿಯದೆ ಬರೀ ನೀರು ಕುಡಿದಳು. ಬೈದಾರೆಂದು ಯಾರಿಗೂ ಹೇಳಲಿಲ್ಲ.

ಐದನೇ ದಿನ ಆಸ್ಪತ್ರೆಯ ಯಂತ್ರದೊಳಗೆ ಮಲಗಿದ ಹತ್ತೇ ನಿಮಿಷಕ್ಕೆ ತಲೆ ಸುತ್ತಿ ಹೊರಳಾಡಿದಳು. ಚಿತ್ರ ಕಲಸಿಹೋಯಿತು. ದಿವ್ಯಶ್ರೀಯ ಮುಖ ಸಣ್ಣದಾಯಿತು. ಸೋಡಿಯಂ ಚಿತ್ರಕ್ಕೆಂದೇ ಬೇರೆ ಊರಿಂದ ತರಿಸಿದ ಉಪಕರಣ ಅಂದೇ ಸಂಜೆ ವಾಪಸಾಗಬೇಕು; ಈ ಚಿತ್ರ ಸಿಗದಿದ್ದರೆ ಅವಳ ಎರಡು ವರ್ಷದ ಶ್ರಮ ಅರ್ಧಕ್ಕೇ ನಿಲ್ಲುತ್ತಿತ್ತು.

“ಎಂತ ಆತು ನಾಗಕ್ಕ? ಬೆಳಿಗ್ಗೆ ಎಂತ ತಿಂದ್ರಿ?”

ನಾಗಿ ತಲೆ ತಗ್ಗಿಸಿ ಎಲ್ಲ ಹೇಳಿದಳು. ದಿವ್ಯಶ್ರೀ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

“ಮೈ ತನಗೆ ಬೇಕಾದ ಉಪ್ಪನ್ನ ಅಷ್ಟು ಸುಲಭಕ್ಕೆ ಬಿಡೋದಿಲ್ಲ ನಾಗಕ್ಕ. ನಂಗೆ ಬೇಕಾದ್ದು ನೀವು ಇದ್ದ ಹಾಗೇ.”

ಡಾಕ್ಟರು ಬಂದು ರಕ್ತ ಪರೀಕ್ಷೆ ಮಾಡಿಸಿದರು. ಉಪ್ಪಿನ ಮಟ್ಟ ಸರಿಯಾಗೇ ಇತ್ತು, ಸೋತದ್ದು ಹೊಟ್ಟೆ. ದಿವ್ಯಶ್ರೀಗೆಂದು ನಾಗಿ ಕಟ್ಟಿ ತಂದಿದ್ದ ಒಣ ಶೆಟ್ಲಿ ಸಿಗಡಿಯನ್ನೇ ಬಿಚ್ಚಿ, ಉಪ್ಪು ಹಾಕಿದ ಗಂಜಿಯ ಜೊತೆ ನಾಗಿಗೇ ಬಡಿಸಿದರು. ನಾಲ್ಕು ದಿನದ ಹಸಿವು ಎರಡು ಬಟ್ಟಲಿಗೆ ತಣಿಯಿತು.

ಮಧ್ಯಾಹ್ನದ ಮೇಲೆ ಮತ್ತೆ ಮಲಗಿದಳು. ಈ ಸಲ ಮನಸ್ಸಿನಲ್ಲೇ ಒಂದು ಪೀಪಾಯಿ ಇಟ್ಟುಕೊಂಡಳು. ಒಂದು ಸಾಲು ಬಂಗಡೆ, ಮೇಲೊಂದು ಹಿಡಿ ಉಪ್ಪು. ಮತ್ತೊಂದು ಸಾಲು, ಮತ್ತೊಂದು ಹಿಡಿ. ಯಂತ್ರ ಎಷ್ಟು ಬಡಿದುಕೊಂಡರೂ ತಲೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಪೀಪಾಯಿ ತುಂಬುವ ಹೊತ್ತಿಗೆ ಸದ್ದು ನಿಂತಿತು.

ಸಂಜೆ ದಿವ್ಯಶ್ರೀ ಅವಳನ್ನು ಪರದೆಯ ಮುಂದೆ ಕೂರಿಸಿದಳು. ಮೊದಲು ತೋರಿಸಿದ್ದು ಬರೀ ಮಸುಕು. ಅದೇ ತಲೆಯ ಮಾಮೂಲಿ ಎಂಆರ್‌ಐ ಚಿತ್ರದ ಗೆರೆಗಳನ್ನು ಆಧಾರವಾಗಿಟ್ಟು ಲೆಕ್ಕ ಹಾಕಿಸಿದ ಇನ್ನೊಂದು ಚಿತ್ರದಲ್ಲಿ ಅಂಚುಗಳು ಎದ್ದು ನಿಂತಿದ್ದವು.

“ಉಪ್ಪು ತುಂಬಿ ಬೆಳ್ಳಗೆ ಕಾಣೋದು ಸತ್ತ ಜಾಗ. ಮೊದಲು ಅದು ಎಲ್ಲಿ ಮುಗೀತದೆ ಅಂತಲೇ ಗೊತ್ತಾಗ್ತಿರಲಿಲ್ಲ. ಈಗ ನೋಡಿ, ಸುತ್ತ ಇಷ್ಟು ಬದುಕಿದೆ.”

“ನಂಗೆ ಮಾತು ಬಂದದ್ದು ಇಲ್ಲಿಂದ್ಲೇ?”

“ಇರಬಹುದು ನಾಗಕ್ಕ.”

ನಾಗಿ ಆ ಅಂಚನ್ನು ಬಹಳ ಹೊತ್ತು ನೋಡಿ ಕೈ ಮುಗಿದಳು. ಆಮೇಲೆ ಹುಡುಗಿಯ ಕಡೆ ತಿರುಗಿ ಬಾಯಿ ತೆರೆದಳು, ತಡವರಿಸಿದಳು, ಬಿಡಲಿಲ್ಲ.

“ದಿವ್ಯ... ಶ್ರೀ,” ಎಂದಳು. “ಬಾಳ ಉಪಕಾರ ಆತು.”