ಸುಜಾತಳ ಖಾತೆಗೆ ನಾನು ಹಾಕಿಸಿದ ಬೀಗ

2021ರ ಕೊನೆಯಲ್ಲಿ ನಾನು ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಡಿಜಿಟಲ್ ಸಾಕ್ಷರತೆಯ ತರಬೇತುದಾರಳಾಗಿದ್ದೆ. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಅದಕ್ಕೂ ಮುಂಚೆ ಇಪ್ಪತ್ತಾರು ವರ್ಷ ನಂಜನಗೂಡಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೆ. ಮನೆಯಲ್ಲಿ ಕೂತು ಧಾರಾವಾಹಿ ನೋಡುವ ಜಾಯಮಾನ ನನ್ನದಲ್ಲ. ಯಾರಾದರೂ ತಪ್ಪು ಲೆಕ್ಕ ಮಾಡುತ್ತಿದ್ದರೆ ಸುಮ್ಮನಿರಲಾರದ ಮೇಷ್ಟ್ರ ಚಾಳಿ ನಿವೃತ್ತಿಯ ಮೇಲೂ ಬಿಟ್ಟಿರಲಿಲ್ಲ.

ತರಬೇತಿ ಆರು ದಿನದ್ದು. ಬರುತ್ತಿದ್ದವರು ಸಂಘದ ಹೆಂಗಸರು, ಗಾರ್ಮೆಂಟ್ಸ್ ಹುಡುಗಿಯರು, ಅಂಗನವಾಡಿ ಸಹಾಯಕಿಯರು. ಮೊದಲ ಮೂರು ದಿನ ಮೊಬೈಲ್ ಬಳಸುವ ಬಗೆ, ಆಮೇಲೆ ಸಾಮಾಜಿಕ ಜಾಲತಾಣದಲ್ಲಿ ನಮ್ಮ ಮಾಹಿತಿಯನ್ನು ಕಾಪಾಡಿಕೊಳ್ಳುವ ಬಗೆ. ಯಾವ ಜಾಲತಾಣ ಎಂದು ಹೆಸರು ಹೇಳುವ ಅಗತ್ಯವಿಲ್ಲ, ನಿಮ್ಮ ಮೊಬೈಲಿನಲ್ಲೂ ಇದೆ. ಅಲ್ಲಿ ಹಾಕುವ ಪ್ರತಿಯೊಂದು ಫೋಟೋ, ವಿಡಿಯೋಗೂ ಅದನ್ನು ಯಾರು ನೋಡಬಹುದು ಎಂದು ಆರಿಸಿಕೊಳ್ಳುವ ಅವಕಾಶ ಇರುತ್ತದೆ. ಎಲ್ಲರೂ ನೋಡಬಹುದು, ಸ್ನೇಹಿತರಷ್ಟೇ ನೋಡಬಹುದು, ಅಥವಾ ‘ನಾನು ಮಾತ್ರ’. ಈ ಮೂರನೆಯದನ್ನು ಆರಿಸಿದರೆ ಖಾತೆಯ ಒಡತಿಯ ಹೊರತು ಇನ್ನೊಂದು ಪಿಳ್ಳೆಗೂ ಅದು ಕಾಣುವುದಿಲ್ಲ. ನಾನು ಅತ್ಯಂತ ಹುಮ್ಮಸ್ಸಿನಿಂದ ಕಲಿಸುತ್ತಿದ್ದ ಪಾಠ ಅದೇ.

ಡಿಸೆಂಬರಿನಲ್ಲಿ ತಿ. ನರಸೀಪುರದಲ್ಲಿ ನಡೆದ ತಂಡದಲ್ಲಿ ಹದಿನಾಲ್ಕು ಜನ ಇದ್ದರು. ಅವರಲ್ಲಿ ಸೋಸಲೆಯ ಸುಜಾತ ಒಬ್ಬಳು. ಇಪ್ಪತ್ತೆರಡು ವರ್ಷ, ಅಪ್ಪ ಇಲ್ಲ, ಅವ್ವ ಕೂಲಿಗೆ ಹೋಗುತ್ತಾರೆ, ಇವಳು ರವಿಕೆ ಹೊಲಿಯುತ್ತಾಳೆ. ತಾನು ಹೊಲಿದ ರವಿಕೆಯ ಕತ್ತಿನ ಡಿಸೈನುಗಳನ್ನು ಜಾಲತಾಣದಲ್ಲಿ ಹಾಕುತ್ತಿದ್ದಳು, ಅದನ್ನು ನೋಡಿಕೊಂಡು ಬನ್ನೂರಿನಿಂದಲೂ ಗಿರಾಕಿಗಳು ಬರುತ್ತಿದ್ದರು. ಯಾರೋ ಪಾಪಿ ಅವಳ ಫೋಟೋ ಕದ್ದು ಅವಳ ಹೆಸರಿನಲ್ಲೇ ಇನ್ನೊಂದು ಖಾತೆ ತೆರೆದು ಕೆಟ್ಟ ಮಾತು ಬರೆದಿದ್ದ. ಆ ನಕಲಿ ಖಾತೆಯನ್ನು ತೆಗೆಸುವುದಕ್ಕೆಂದೇ ಅವಳು ತರಬೇತಿಗೆ ಸೇರಿದ್ದಳು. ಎರಡೇ ದಿನದಲ್ಲಿ ತೆಗೆಸಿದೆವು.

ಅಂಥ ಶಿಷ್ಯೆ ನನಗೆ ಶಾಲೆಯಲ್ಲೂ ಸಿಕ್ಕಿದ್ದು ಅಪರೂಪ. ಒಂದು ಸಲ ಹೇಳಿದರೆ ಸಾಕು, ಎರಡನೆಯ ಸಲ ಅವಳೇ ಪಕ್ಕದವರಿಗೆ ಹೇಳಿಕೊಡುತ್ತಿದ್ದಳು. ರವಿಕೆ ಚಿತ್ರಗಳನ್ನು ಬಿಟ್ಟು ತನ್ನ ಮುಖ ಇದ್ದದ್ದನ್ನೆಲ್ಲ ‘ನಾನು ಮಾತ್ರ’ಕ್ಕೆ ಹಾಕಿದಳು. ಮೊಬೈಲಿನಲ್ಲಿ ಜಾಗ ಸಾಲದು ಎಂದು ಗೋಳಾಡಿದಾಗ, ಮನೆಯ ವಿಡಿಯೋಗಳನ್ನು ಖಾತೆಗೆ ಏರಿಸಿ ‘ನಾನು ಮಾತ್ರ’ ಎಂದು ಇಟ್ಟುಕೊಂಡು ಫೋನಿನಿಂದ ಅಳಿಸು ಎಂದು ನಾನೇ ಉಪಾಯ ಹೇಳಿಕೊಟ್ಟೆ. ಭಾನುವಾರ ಅವ್ವನ ಜೊತೆ ಕೂತು ಒಂದೊಂದು ವಿಡಿಯೋ ಮಾಡುತ್ತೇನೆ, ಅದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಇಲ್ಲ ಎಂದು ನಗುತ್ತಾ ಹೇಳಿದ್ದಳು.

ಆರನೆಯ ದಿನದ ಪಾಠದಲ್ಲಿ ಒಂದು ಪುಟ ಉಳಿದಿತ್ತು. ಖಾತೆಯವರು ತೀರಿಕೊಂಡರೆ ಆಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂದು ಮೊದಲೇ ಒಬ್ಬರ ಹೆಸರು ಕೊಟ್ಟಿಡುವ ಪುಟ ಅದು. ಹಾಗೆ ಯಾರ ಹೆಸರು ಕೊಟ್ಟಿದ್ದೇವೋ ಅವರಿಗೆ ಖಾತೆಯಲ್ಲಿರುವ ವಿಡಿಯೋ, ಫೋಟೋಗಳ ಪ್ರತಿ ಇಳಿಸಿಕೊಳ್ಳಲು ಅನುಮತಿಯನ್ನೂ ಕೊಡಬಹುದು. ನಾನು ಓದಲು ಶುರು ಮಾಡಿ, “ಈಗ ಸುಜಾತ ತೀರಿಕೊಂಡಳು ಅಂತ ಇಟ್ಟುಕೊಳ್ಳಿ” ಎಂದೆ. ಗಣಿತದ ಮೇಷ್ಟ್ರ ಬಾಯಿ, ‘ಇಟ್ಟುಕೊಳ್ಳಿ’ ಅನ್ನದೆ ಒಂದು ಲೆಕ್ಕವೂ ಮುಂದೆ ಹೋಗುವುದಿಲ್ಲ. ಹಿಂದೆ ಕೂತಿದ್ದ ದೊಡ್ಡ ಹೆಂಗಸೊಬ್ಬರು ತಟ್ಟನೆ, “ಬುಡ್ತು ಅನ್ನಿ ಮೇಡಮ್ಮ, ಮದ್ವೆ ಆಗ್ಬೇಕಾದ ಎಣ್ಣು” ಎಂದರು. ಉಳಿದವರೂ ಲೊಚಗುಟ್ಟಿದರು. ನನಗೂ ಒಳಗೊಳಗೇ ಕಸಿವಿಸಿಯಾಯಿತು. “ಬಿಡ್ತು” ಎಂದು ಹೇಳಿ, ಆ ಪುಟ ಮಗುಚಿ, ಎಲ್ಲರಿಗೂ ಪ್ರಮಾಣಪತ್ರ ಹಂಚಿದೆ. ಹದಿನಾಲ್ಕು ಜನರಲ್ಲಿ ಒಬ್ಬರೂ ಆ ಪುಟ ತುಂಬಲಿಲ್ಲ.

ಮಾರ್ಚ್ ಮೊದಲ ವಾರದಲ್ಲಿ ಸುಜಾತ ಹೋಗಿಬಿಟ್ಟಳು. ಗಿರಾಕಿಗೆ ರವಿಕೆ ಕೊಡಲು ಸ್ಕೂಟಿಯಲ್ಲಿ ತಿ. ನರಸೀಪುರಕ್ಕೆ ಬರುತ್ತಿದ್ದಾಗ ಕಬ್ಬಿನ ಲಾರಿ ತಗುಲಿ, ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು. ಮೊಬೈಲು ಟೈರಿನ ಕೆಳಗೆ ಸಿಕ್ಕಿ ಪುಡಿಯಾಗಿತ್ತು. ನನಗೆ ವಿಷಯ ತಿಳಿದದ್ದು ನಾಲ್ಕನೆಯ ದಿನ. ಮಣ್ಣಿಗೂ ಹೋಗಲಾಗಲಿಲ್ಲ.

ತಿಂಗಳು ಕಳೆದ ಮೇಲೆ ಅವಳ ಸೋದರಮಾವ ಸಿದ್ದರಾಜು ನಂಜನಗೂಡಿನ ನನ್ನ ಮನೆ ಹುಡುಕಿಕೊಂಡು ಬಂದ. ನಂಜನಗೂಡಿನಲ್ಲೇ ಫ್ಯಾಕ್ಟರಿ ಕೆಲಸದಲ್ಲಿದ್ದ ಮನುಷ್ಯ, ಮಾತು ಕಮ್ಮಿ. ಸುಜಾತಳ ಖಾತೆಯಿಂದ ನೆಂಟರಿಗೆಲ್ಲ ‘ಹೇಗಿದ್ದೀಯ’ ಎಂಬ ಸಂದೇಶ ಬರುತ್ತಿತ್ತಂತೆ. ತಿಥಿ ಊಟ ಮಾಡಿ ಬಂದವರ ಫೋನಿಗೆ ಸತ್ತವಳ ಹೆಸರಿನಿಂದ ಕ್ಷೇಮ ವಿಚಾರಣೆ. ಅವನ ಹೆಂಡತಿ ಹೆದರಿ ಜ್ವರ ಹಿಡಿದು ಮಲಗಿದ್ದಳು. ಯಾರೋ ಖಾತೆಯೊಳಗೆ ನುಗ್ಗಿದ್ದರು. ಹೇಗೆ ನುಗ್ಗಿದರೋ ಇವತ್ತಿಗೂ ನನಗೆ ಗೊತ್ತಿಲ್ಲ, ಬಹುಶಃ ಎಲ್ಲೋ ಬೇರೆ ಫೋನಿನಲ್ಲಿ ತೆರೆದದ್ದು ಹಾಗೇ ಉಳಿದಿತ್ತು. ಅವಳ ಮನೆಯ ವಿಡಿಯೋಗಳೆಲ್ಲ ಅಂಥವನ ಕೈಗೆ ಸಿಕ್ಕಿವೆ ಎಂದು ನೆನೆದೇ ನನಗೆ ರಕ್ತ ಕುದಿಯಿತು.

ಇಂಥದ್ದಕ್ಕೆ ಜಾಲತಾಣದಲ್ಲಿ ಎರಡು ದಾರಿ ಇವೆ. ಒಂದು, ಖಾತೆಯನ್ನು ಪೂರ್ತಿ ಅಳಿಸುವುದು. ಇನ್ನೊಂದು, ಸ್ಮಾರಕ ಖಾತೆ ಮಾಡಿಸುವುದು. ಸ್ಮಾರಕ ಎಂದರೆ, ಮರಣ ಪತ್ರ ಕಳಿಸಿದರೆ ಅವರು ಖಾತೆಯನ್ನು ಹಾಗೇ ಉಳಿಸುತ್ತಾರೆ, ಆದರೆ ಅಂದಿನಿಂದ ಪಾಸ್‌ವರ್ಡ್ ಗೊತ್ತಿದ್ದವರೂ ಒಳಗೆ ಹೋಗಲಾರರು. ಸಿದ್ದರಾಜು ಅಳಿಸಿಬಿಡಿ ಎಂದ. ನಾನೇ ಬುದ್ಧಿವಂತಳಂತೆ, ಬೇಡಪ್ಪ, ಮಗುವಿನ ನೆನಪು ಇರಲಿ, ಸ್ಮಾರಕ ಮಾಡಿಸೋಣ ಎಂದೆ. ಅವಳ ಅವ್ವನನ್ನು ಒಂದು ಮಾತು ಕೇಳಿದ್ದೀಯಾ ಎಂದು ವಿಚಾರಿಸಿದೆ. “ಅಕ್ಕಂಗೆ ಇದೆಲ್ಲ ಏನ್ ಗೊತ್ತಾಯ್ತದೆ ಮೇಡಂ” ಎಂದ.

ಆ ಮಾತಿನ ವಿರುದ್ಧವೇ ಸಂಬಳ ತೆಗೆದುಕೊಂಡು ಊರೂರು ಅಲೆಯುತ್ತಿದ್ದವಳು ನಾನು. ಬೇರೆ ಯಾವ ಗಂಡಸು ಅಂದಿದ್ದರೂ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದೆ. ಅಂದು ಮಾತ್ರ ಹೌದಲ್ಲ, ದುಃಖದಲ್ಲಿರುವವರನ್ನು ಯಾಕೆ ಕೆದಕುವುದು ಎಂದುಕೊಂಡೆ. ಅರ್ಜಿ ತುಂಬಿ, ಮರಣ ಪತ್ರ ಲಗತ್ತಿಸಿ ಕಳಿಸಿದೆ. ಐದನೆಯ ದಿನ ಖಾತೆಯ ಮೇಲೆ ‘ನೆನಪಿನಲ್ಲಿ’ ಎಂಬ ಮಾತು ಬಂತು. ಸಂದೇಶಗಳು ನಿಂತವು. ಸಿದ್ದರಾಜು ಫೋನ್ ಮಾಡಿ ಕೃತಜ್ಞತೆ ಹೇಳಿದ, ನಾನೂ ಬೀಗಿದೆ.

ಜುಲೈನಲ್ಲಿ ಸುಜಾತಳ ಅವ್ವ ಮಹದೇವಮ್ಮ ಬಂದರು. ತಿ. ನರಸೀಪುರದ ತರಬೇತಿ ಕೊಠಡಿಯ ಬಾಗಿಲಲ್ಲಿ, ಪಾಠ ಮುಗಿಯುವವರೆಗೆ ಒಳಗೂ ಬರದೆ ನಿಂತಿದ್ದರು. ಐವತ್ತರ ಆಸುಪಾಸು, ಸಣಕಲು ಜೀವ. ಕರೆದು ಕೂರಿಸಿದೆ. ಅವರ ಕೈಯಲ್ಲಿ ಒಂದು ಬಟನ್ ಫೋನ್ ಇತ್ತು.

“ಮೇಡಮ್ಮ, ನನ್ ಮಗಳ್ ಮಖ ಕಣ್ಮುಂದೆ ಅದೆ. ದನಿ ಮರ್ತೋಯ್ತಾ ಅದೆ. ಬಾನುವಾರ ಬಾನುವಾರ ತಗ್ದಿದ್ ವೀಡಿಯಾದಲ್ಲಿ ಅವ್ಳ್ ಮಾತಾಡವ್ಳೆ. ಒಂದೇ ಒಂದ್ ಸತಿ ಕೇಳ್ಸಿ.”

ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಮನೆಯಲ್ಲಿ ಸುಜಾತಳ ಫೋಟೋ ಇತ್ತು, ಊರವರು ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸನ್ನೂ ಮಡಿಸಿ ಇಟ್ಟುಕೊಂಡಿದ್ದರು. ಮಾತಾಡುವ ಮಗಳು ಇದ್ದದ್ದು ಆ ವಿಡಿಯೋಗಳಲ್ಲಿ ಮಾತ್ರ. ಒಂಬತ್ತು ವಿಡಿಯೋ ಎಂದು ಬೆರಳು ಮಡಿಸಿ ಎಣಿಸಿದರು. ಆಮೇಲೆ ಬಟನ್ ಫೋನನ್ನು ನನ್ನ ಮುಂದೆ ಇಟ್ಟು, ಇದರಲ್ಲಿರುವುದು ಮಗಳ ಸಿಮ್ಮೇ, ಒಡೆದ ಫೋನಿನಿಂದ ತಮ್ಮ ತೆಗೆದು ಹಾಕಿಕೊಟ್ಟ, ಇದರಿಂದ ಏನಾದರೂ ಆಗುತ್ತದೆಯೇ ಎಂದು ಕೇಳಿದರು.

ಖಾತೆಗೆ ಜೋಡಿಸಿದ್ದ ನಂಬರು ಅದೇ. ನಾನು ಸ್ಮಾರಕದ ಅರ್ಜಿ ಹಾಕುವ ಮುನ್ನ ಇವರನ್ನು ಕೇಳಿದ್ದರೆ, ಆ ಬಟನ್ ಫೋನಿಗೇ ಒಟಿಪಿ ಬರುತ್ತಿತ್ತು. ಹೊಸ ಪಾಸ್‌ವರ್ಡ್ ಹಾಕಿ ನುಗ್ಗಿದವನನ್ನು ಆಚೆ ತಳ್ಳಿ, ಖಾತೆಯ ಮಾಹಿತಿಯನ್ನೆಲ್ಲ ಡೌನ್‌ಲೋಡ್ ಮಾಡಿ ತಾಯಿಯ ಕೈಗೆ ಕೊಟ್ಟು, ಆಮೇಲೆ ಬೀಗ ಹಾಕಿಸಬಹುದಿತ್ತು. ಸತ್ತವರ ಖಾತೆಗೆ ಹಾಗೆ ಹೋಗುವುದು ನಿಯಮಕ್ಕೆ ಸರಿಯಲ್ಲ ಎಂದು ನನಗೆ ಗೊತ್ತು. ಆದರೂ ಹೋಗುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಈಗ ಪಾಸ್‌ವರ್ಡೂ ನಡೆಯುವುದಿಲ್ಲ, ಒಟಿಪಿಯೂ ನಡೆಯುವುದಿಲ್ಲ. ಇಂಥವರು ನೋಡಿಕೊಳ್ಳಲಿ ಎಂದು ಸುಜಾತ ಹೆಸರು ಕೊಟ್ಟಿದ್ದರೆ ದಾರಿಯೊಂದು ಇರುತ್ತಿತ್ತು. ಆ ಪುಟವನ್ನು ಮಗುಚಿ ಹಾಕಿದವಳೂ ನಾನೇ.

ಪ್ರಯತ್ನ ಮಾಡುತ್ತೇನೆ ಎಂದಷ್ಟೇ ಹೇಳಿ ಅವರನ್ನು ಕಳಿಸಿದೆ. ನಿಜ ಹೇಳುವ ಧೈರ್ಯ ಅಂದು ಬರಲಿಲ್ಲ. ಕಂಪನಿಗೆ ನಾಲ್ಕು ಸಲ ಬರೆದೆ. ತಾಯಿ ಮಗಳ ಸಂಬಂಧ ತೋರಿಸಲು ಪಡಿತರ ಚೀಟಿ ಕಳಿಸಿದೆ, ವಂಶವೃಕ್ಷ ಮಾಡಿಸಿ ಕಳಿಸಿದೆ. ಮೂರು ಪತ್ರಕ್ಕೆ ಯಂತ್ರದ ಉತ್ತರ ಬಂತು. ನಾಲ್ಕನೆಯದಕ್ಕೆ ಮನುಷ್ಯರು ಬರೆದಂತಿದ್ದ ಉತ್ತರ. ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇವೆ, ತೀರಿಕೊಂಡವರು ತಾನು ಮಾತ್ರ ನೋಡಬೇಕೆಂದು ಇಟ್ಟದ್ದನ್ನು ಅವರ ಇಚ್ಛೆಯೆಂದು ಗೌರವಿಸಬೇಕಾಗುತ್ತದೆ, ನ್ಯಾಯಾಲಯದ ಆದೇಶವಿದ್ದರೆ ಪರಿಶೀಲಿಸುತ್ತೇವೆ, ಆದರೆ ಕೊಟ್ಟೇ ಕೊಡುತ್ತೇವೆಂಬ ಭರವಸೆಯಿಲ್ಲ. ಅವರು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ತರಗತಿಯಲ್ಲಿ ಹೇಳುತ್ತಿದ್ದದ್ದನ್ನೇ ಅವರು ನನಗೆ ತಿರುಗಿ ಹೇಳಿದ್ದರು. ಪರಿಚಯದ ವಕೀಲರೊಬ್ಬರನ್ನು ಕೇಳಿದಾಗ, ವರ್ಷಗಟ್ಟಲೆ ಅಲೆಯಬೇಕಾಗುತ್ತದೆ, ಗೆಲ್ಲುವುದೂ ಗ್ಯಾರಂಟಿ ಇಲ್ಲ ಎಂದರು.

ಮೊದಲೇ ಫೋನ್ ಮಾಡಿ ತಿಳಿಸಿ, ಸೆಪ್ಟೆಂಬರಿನ ಒಂದು ಬೆಳಗ್ಗೆ ಬಸ್ಸು ಹಿಡಿದು ಸೋಸಲೆಗೆ ಹೋದೆ. ಮಹದೇವಮ್ಮ ಅಂದು ಕೂಲಿಗೆ ಹೋಗದೆ ನನಗಾಗಿ ಕಾದಿದ್ದರು. ಹೊಲಿಗೆ ಯಂತ್ರಕ್ಕೆ ಸೀರೆ ಹೊದಿಸಿಟ್ಟಿದ್ದರು. ಟೀ ಕೊಟ್ಟರು. ನಾನು ಒಂದನ್ನೂ ಬಿಡದೆ ಎಲ್ಲ ಹೇಳಿದೆ. ‘ನಾನು ಮಾತ್ರ’ ಎಂದು ಇಡಲು ಕಲಿಸಿದವಳು ನಾನು, ಫೋನಿನಿಂದ ಅಳಿಸು ಎಂದವಳು ನಾನು, ಹೆಸರು ಬರೆಸುವ ಪುಟ ಬಿಟ್ಟವಳು ನಾನು, ನಿಮ್ಮನ್ನು ಕೇಳದೆ ಖಾತೆ ಮುಚ್ಚಿಸಿದವಳೂ ನಾನು, ಇನ್ನು ಆ ವಿಡಿಯೋ ಸಿಗುವುದು ಕಷ್ಟ ಎಂದೆ. ಕೋರ್ಟಿಗೆ ಹೋಗುವುದಾದರೆ ಜೊತೆಗೆ ಬರುತ್ತೇನೆ ಎಂದೂ ಹೇಳಿದೆ. ಅವರು ತಲೆಯಾಡಿಸಿ ಬೇಡ ಎಂದರು.

ಬೈಯುತ್ತಾರೆಂದು ಕಾದಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು, “ನೀವ್ ಕಲ್ಸಿದ್ನ ಚೆಂದಾಗೇ ಕಲ್ತವ್ಳೆ ಬುಡಿ” ಎಂದರು. ಮಗಳ ಜಾಣತನದ ಬಗ್ಗೆ ಅಭಿಮಾನದಿಂದಲೇ ಹೇಳಿದ ಮಾತು ಅದು. ನಾನು ಆ ಮನೆಯಲ್ಲಿ, ಅವರ ಮುಂದೆಯೇ, ತಡೆಯಲಾರದೆ ಅತ್ತುಬಿಟ್ಟೆ. ನಲವತ್ತೆಂಟು ಮಕ್ಕಳ ತರಗತಿಯನ್ನು ಒಂದು ನೋಟದಲ್ಲಿ ಸುಮ್ಮನಾಗಿಸುತ್ತಿದ್ದವಳನ್ನು, ಮಗಳನ್ನು ಕಳೆದುಕೊಂಡವರು ಬೆನ್ನು ಸವರಿ ಸಮಾಧಾನ ಮಾಡಬೇಕಾಯಿತು.

ಆಮೇಲೆ ಅವರೇ ಒಂದು ದಾರಿ ಹೇಳಿದರು. ವಿಡಿಯೋಗಳಲ್ಲಿ ಮಗಳು ಆಡಿದ್ದ ಮಾತು ತಮಗೆ ಇನ್ನೂ ನೆನಪಿದೆ, ಅದೂ ಮರೆಯುವ ಮುಂಚೆ ಬರೆದುಕೊಳ್ಳಿ ಎಂದರು. ನನ್ನ ಚೀಲದಲ್ಲಿ ಹಾಜರಿ ಪುಸ್ತಕ ಇತ್ತು, ಅದರ ಖಾಲಿ ಹಾಳೆಗಳಲ್ಲಿ ಬರೆಯಲು ಕೂತೆ. ಒಂದು ಭಾನುವಾರ ಅವ್ವನಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಾ ಬಿಳಿ ಕೂದಲು ಎಣಿಸಿದ್ದಳು. ಇನ್ನೊಂದು ಭಾನುವಾರ ಅವ್ವನಿಗೆ ಹೆಸರು ಬರೆಯಲು ಕಲಿಸುತ್ತಾ ‘ಮ’ ಅಕ್ಷರಕ್ಕೆ ಬಾಲ ಉದ್ದವಾಯಿತೆಂದು ನಕ್ಕಿದ್ದಳು. ಬಸ್ಸಾರಿನ ಖಾರಕ್ಕೆ ಕಣ್ಣೀರು ಹಾಕಿದ್ದಳು. ಒಂಬತ್ತರಲ್ಲಿ ಏಳು ಪೂರ್ತಿ ಬಂದವು. ಎರಡು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಬರೆದು ಮುಗಿದ ಮೇಲೆ ಓದಿ ಎಂದರು. ಅವರಿಗೆ ಓದಲು ಬರುವುದಿಲ್ಲ. ನಾನು ಸುಜಾತ ಆಡಿದ ಮಾತುಗಳನ್ನು, ಅವಳು ‘ಅವ್ವ’ ಎಂದು ಕರೆದ ಕಡೆಯಲ್ಲೆಲ್ಲ ನಾನೂ ‘ಅವ್ವ’ ಎನ್ನುತ್ತಾ ಓದಿದೆ. ಮಹದೇವಮ್ಮ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

“ಮಾತೆಲ್ಲ ಅವಳ್ದೇ ಕಣವ್ವ,” ಎಂದರು. “ದನಿ ನಿಮ್ದು.”

ಈಗ ನಾನು ಮೊದಲ ದಿನವೇ ಆ ಪುಟ ತೆರೆಸುತ್ತೇನೆ. ಹೆಂಗಸರು ಬಿಡ್ತು ಅನ್ನಿ ಎಂದರೆ, ಬಿಡ್ತು ಅಂದುಕೊಂಡೇ ಒಂದು ಹೆಸರು ಬರೆಸುತ್ತೇನೆ, ಪ್ರತಿ ಇಳಿಸಿಕೊಳ್ಳುವ ಅನುಮತಿಯನ್ನೂ ಕೊಡಿಸುತ್ತೇನೆ. ಯಾರಾದರೂ ಸತ್ತವರ ಖಾತೆ ಮುಚ್ಚಿಸಲು ಬಂದರೆ, ಮನೆಯಲ್ಲಿ ಅವರಿಗಾಗಿ ಹೆಚ್ಚು ಅಳುತ್ತಿರುವವರು ಯಾರೋ ಅವರನ್ನು ಕರೆದುಕೊಂಡು ಬಾ ಎನ್ನುತ್ತೇನೆ, ಅವರಿಗೆ ಓದು ಬರಹ ಬರಲಿ ಬಿಡಲಿ. ಕಾಪಾಡುವುದೆಂದರೆ ಕಳ್ಳನನ್ನು ಆಚೆ ಇಡುವುದು ಎಂದಷ್ಟೇ ತಿಳಿದಿದ್ದೆ. ಮಹದೇವಮ್ಮ ಅದೇ ಬಾಗಿಲಿನ ಆಚೆ ನಿಂತಿದ್ದರೆಂದು ನನಗೆ ಗೊತ್ತಾಗಲಿಲ್ಲ.