ಹುಳಿ ಅಂದರೆ ಯಾವ ಹುಳಿ?

ನೀಲಮ್ಮನವರ ಪುಸ್ತಕದಲ್ಲಿ ಹೆಂಡದ ಮಾತೇ ಇರಲಿಲ್ಲ. ರೊಟ್ಟಿಗೆ ಹೆಂಡ ಹಾಕಿದವಳು ನಾನು. ಆ ಅಪವಾದವನ್ನು ಅವರ ತಲೆಗೆ ಕಟ್ಟಿದವಳೂ ನಾನೇ. ಹೊಸದುರ್ಗದ ಅಕ್ಕಂದಿರೇ, ಒಲೆ ಹಚ್ಚಲು ನೀವು ಹರಿದು ಹಾಕಿದ ಆ ಪುಸ್ತಕ ಏನೂ ತಪ್ಪು ಮಾಡಿರಲಿಲ್ಲ.

ಇದನ್ನು ಹೇಳಲು ಇಷ್ಟು ವರ್ಷ ಯಾಕೆ ಬೇಕಾಯಿತು ಅಂತ ಕೇಳುತ್ತೀರಿ. ನಾನು ಚಿಂತೆಯ ಹೆಂಗಸು — ಹಾಲು ಉಕ್ಕಿದರೆ ಅಪಶಕುನವೇನೋ ಎಂದೂ, ಉಕ್ಕದಿದ್ದರೆ ಹಾಲಿಗೆ ನೀರು ಬೆರೆಸಿದ್ದಾರೇನೋ ಎಂದೂ ಕೊರಗುವವಳು. ಅಂಥವಳು ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೇಗೆ ನಿದ್ದೆ ಮಾಡಿದಳು? ಚೆನ್ನಾಗಿಯೇ ಮಾಡಿದಳು. ನಾಚಿಕೆಯ ಸಂಗತಿ ಅದೇ.

ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಮಾಡದಕೆರೆಯಿಂದ ಸೊಸೆಯಾಗಿ ಬಂದಾಗ ನನಗೆ ಅಕ್ಷರ ಬರುತ್ತಿತ್ತು, ಅಡಿಗೆ ಬರುತ್ತಿರಲಿಲ್ಲ. ಬೆಂಗಳೂರಿಗೆ ಕೊಬ್ಬರಿ ಒಯ್ದಿದ್ದ ಮನೆಯವರು ಬರುವಾಗ ಒಂದು ಪಾಕದ ಪುಸ್ತಕ ತಂದುಕೊಟ್ಟರು. ಬರೆದವರು ದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ನೀಲಮ್ಮ — ಮೈಸೂರು ಕಡೆಯಿಂದ ಬಂದ ವಿಧವೆ, ನಮ್ಮಂತೆಯೇ ಲಿಂಗವಂತರು. ಹೋಳಿಗೆ ಕಡುಬುಗಳನ್ನೆಲ್ಲ ದಾಟಿ ನಾನು ಹಿಡಿದದ್ದು ಒಂದೇ ಪುಟ: ದಪ್ಪ ತಪ್ಪಲೆಯ ತಳಕ್ಕೆ ಮರಳು, ಮುಚ್ಚಳದ ಮೇಲೆ ಕೆಂಡ, ಒಳಗೆ ಡಬಲ್ ರೊಟ್ಟಿ, ಅಂದರೆ ಪೇಟೆಯವರ ಉಬ್ಬಿದ ಬ್ರೆಡ್ಡು.

‘ನಿನ್ನೆಯ ಹುಳಿ ಒಂದು ಹಿಡಿ ಸೇರಿಸಿ ನಾದಿರಿ’ ಅಂತ ಅದರಲ್ಲಿತ್ತು. ನಮ್ಮ ಮನೆಯಲ್ಲಿ ಹುಳಿ ಅಂದರೆ ಹುಣಸೆಹಣ್ಣು. ನಿನ್ನೆಯ ಹುಣಸೆಹಣ್ಣಿಗೂ ಇವತ್ತಿನದಕ್ಕೂ ಏನು ವ್ಯತ್ಯಾಸವಪ್ಪಾ ಅಂತ ಚಿಂತಿಸುತ್ತಲೇ ಹಿಡಿ ತುಂಬ ಹಾಕಿ ನಾದಿದೆ. ತಪ್ಪಲೆಯಿಂದ ಹೊರಬಂದದ್ದನ್ನು ಮನೆಯವರು ಕೈಯಲ್ಲಿ ತೂಗಿ ನೋಡಿ, “ದುರ್ಗದ ಕ್ವಾಟೆ ಗ್ವಾಡೆಯಾಗೆ ಒಂದು ಕಲ್ಲು ಉದುರೈತಂತೆ, ಇದನ್ನ ಕಳಿಸಾಣೇನು?” ಅಂದರು.

ಹಿತ್ತಿಲಿಗೆ ಸೌದೆ ತಂದಿದ್ದ ಮಾರಕ್ಕನೂ ನಕ್ಕಳು. ಅವಳ ಗಂಡ ಈಚಲ ಮರದಿಂದ ಹೆಂಡ ಇಳಿಸುವವನು. “ಹುಣಸೇಹಣ್ಣಿಗೆ ರೊಟ್ಟಿ ಉಬ್ತದೇನವ್ವ? ಬೆಂಗಳೂರು ದಂಡಿನಾಗೆ ಬಿಳೀ ಸಿಪಾಯಿಗಳಿಗೆ ರೊಟ್ಟಿ ಸುಡೋರು ಹುಳಿ ಹೆಂಡ ಹಾಕ್ತಾರಂತೆ!” ತಮಾಷೆಗೆ ಅಂದದ್ದು. ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ನಾನೇ ಬೇಡಿದೆ, ಸೌದೆ ಹೊರೆಯೊಳಗೆ ಒಂದು ಸೋರೆ ಬುರುಡೆ ಹೆಂಡ ಬಂತು…

ರೊಟ್ಟಿ ಉಬ್ಬಿತು. ಬಾಣಂತಿಗೆ, ಜ್ವರದವರಿಗೆ ಅಂತ ನೀವೇ ಕೇಳಿ ಒಯ್ದಿದ್ದೀರಿ. ಹೊಗಳಿಕೆಗೆ ನಾನೂ ಉಬ್ಬಿದೆ. ಆಮೇಲೊಂದು ದಿನ ಪುಸ್ತಕದ ಕೊನೆಯ ಪುಟ ಕಣ್ಣಿಗೆ ಬಿತ್ತು — ಹುಳಿ ಎಂದರೆ ಹಿಂದಿನ ದಿನ ಎತ್ತಿಟ್ಟು ಹುಳಿ ಬಂದ ಹಿಟ್ಟಿನ ಉಂಡೆ ಅಂತ ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಹಾಗೂ ಮಾಡಿ ನೋಡಿದೆ. ನನ್ನ ಕೈಯಲ್ಲಿ ಅದು ಅರ್ಧ ಉಬ್ಬಿ ಮುನಿಸಿಕೊಂಡು ಕೂತುಬಿಡುತ್ತಿತ್ತು. ಮತ್ತೆ ಬುರುಡೆಗೇ ಹೋದೆ. ಕೊರಳಲ್ಲಿ ಇಷ್ಟಲಿಂಗ, ಕೈಯಲ್ಲಿ ಹೆಂಡ. ತಿಳಿಯದೆ ಮಾಡಿದೆ ಅನ್ನುವ ಮಾತು ಅವತ್ತಿಗೇ ಮುಗಿಯಿತು.

ಆ ಬೇಸಿಗೆಯಲ್ಲಿ ನೀಲಮ್ಮನವರು ಹೊಸದುರ್ಗಕ್ಕೆ ಬಂದರು. ‘ಹೆಣ್ಣುಮಕ್ಕಳನ್ನು ದುರ್ಗದ ಶಾಲೆಗೆ ಕಳಿಸಿಕೊಡಿ, ನನ್ನ ಮನೆಯಲ್ಲೇ ಇಟ್ಟುಕೊಂಡು ಓದಿಸುತ್ತೇನೆ’ ಅಂತ ತಾಯಂದಿರನ್ನು ಕೇಳುವುದಕ್ಕೆ. ನೀವೆಲ್ಲ ನಮ್ಮ ನಡುಮನೆಯಲ್ಲೇ ಸೇರಿದ್ದಿರಿ. ಒಬ್ಬಿಬ್ಬರು ಹೂಂ ಅಂದೂ ಆಗಿತ್ತು. ಪುಸ್ತಕ ಬರೆದವರೇ ಬರುತ್ತಾರೆ, ರೊಟ್ಟಿ ಕೂತರೆ ಏನು ಗತಿ ಅಂತ ಚಿಂತೆ ಹತ್ತಿ, ನಾನು ಬುರುಡೆಯನ್ನು ಸ್ವಲ್ಪ ಹೆಚ್ಚೇ ಬಗ್ಗಿಸಿದ್ದೆ.

ಅವರು ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡು ಮುಖವರಳಿಸಿದರು. “ನನ್ನ ಕೈಲೂ ಇಷ್ಟು ಹಗುರ ಬರೋದಿಲ್ಲ ತಾಯಿ. ನನಗೂ ಹೇಳಿಕೊಡಿ.”

ಅಷ್ಟರಲ್ಲಿ ಅತ್ತೆ ತಮ್ಮ ತುಂಡನ್ನು ಮೂಗಿಗೆ ಹಿಡಿದರು. “ಏನೇ ಇದು? ಹೆಂಡದ ವಾಸ್ನೆ!”

ಅತ್ತೆ ನನ್ನನ್ನು ತವರಿಗೆ ಅಟ್ಟುವುದು, ಊರು ನಗುವುದು, ಮನೆಯವರು ತಲೆ ತಗ್ಗಿಸುವುದು — ಎಲ್ಲ ಒಂದೇ ಉಸಿರಿನಲ್ಲಿ ಕಣ್ಣಮುಂದೆ ಬಂತು. ಬಾಯಿ ತಾನೇ ತೆರೆಯಿತು… ಇಲ್ಲ, ತಾನೇ ಅಲ್ಲ. ನಾನೇ ತೆರೆದೆ.

“ಪುಸ್ತಕದಾಗೆ ಹುಳಿ ಅಂತ ಐತೆ, ಅತ್ತೆ. ಹುಳೀನೇ ಹಾಕೀನಿ.”

ಎಲ್ಲರ ಕಣ್ಣೂ ಪುಸ್ತಕ ಬರೆದವರ ಕಡೆ ತಿರುಗಿತು. ನೀಲಮ್ಮನವರು ಪುಸ್ತಕ ಎತ್ತಿಕೊಂಡು ಕೊನೆಯ ಪುಟಕ್ಕೇ ನೇರ ಹೋದರು. ಬೆರಳು ಆ ಸಾಲಿನ ಮೇಲೆ ನಿಂತಿತ್ತು. ಓದಿದ್ದರೆ ಮುಗಿಯುತ್ತಿತ್ತು. ಆಗ ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ — ಪುಸ್ತಕ ಮುಚ್ಚಿದರು.

“ಬಿಡಿಸಿ ಬರೀಬೇಕಿತ್ತು. ತಪ್ಪು ನಂದೇ.”

“ಲಿಂಗ ಕಟ್ಕಂಡೋರ ಮನೆಯಾಗೆ ಹೆಂಡ ಹಾಕ್ಸೋಳು ನಮ್ಮ ಹುಡುಗೀರಿಗೆ ಇನ್ನೇನು ಕಲಿಸ್ತೀಯವ್ವ?” ಅತ್ತೆಯ ದನಿ ಬೀದಿಗೆ ಕೇಳಿತು. “ಎದ್ದೇಳು ಮೊದ್ಲು.”

ಅವರು ಎದ್ದರು. ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೈ ಮುಗಿದು — ನನಗೂ ಮುಗಿದು — ಹೋದರು.

ಆ ವರ್ಷ ನಮ್ಮೂರಿನ ಒಂದು ಹುಡುಗಿಯೂ ದುರ್ಗಕ್ಕೆ ಹೋಗಲಿಲ್ಲ. ಆಮೇಲೂ ಇಲ್ಲ. ನನ್ನ ಮಗಳು ಅತ್ತು ಕರೆದು ಕೇಳಿದಳು, ಕಳಿಸಲಿಲ್ಲ. ಕಳಿಸಿದರೆ ಅನುಮಾನ ಬರುತ್ತದಲ್ಲ. ನಿಮ್ಮ ಮಕ್ಕಳ ಓದು ತಪ್ಪಿದ್ದಕ್ಕೆ ಕಾರಣ ಹುಡುಕಬೇಡಿ, ಇಲ್ಲಿ ಕೂತಿದ್ದೇನೆ.

ಮೊನ್ನೆ ಅತ್ತೆಗೆ ಹೇಳಿದೆ. ಹಣ್ಣಾದ ಜೀವ, ಕಿವಿ ಮಾತ್ರ ಇನ್ನೂ ಚುರುಕು. ಬೈಯಲಿ, ಹೊಡೆಯಲಿ ಅಂತ ಎದುರಿಗೇ ಕೂತೆ. ಅವರು ಬೈಯಲಿಲ್ಲ, ಹೊಡೆಯಲಿಲ್ಲ. “ನೀನು ಒಂದು ಸುಳ್ಳು ಹೇಳಿ ಸುಮ್ಕಾದೆ. ಮನೆಗೆ ಬಂದೋರ್ನ ಎದ್ದೇಳು ಅಂದಿದ್ದು ನನ್ ಬಾಯಿ ಕಣೇ” ಅಂದರು. ಅಲ್ಲಿಯವರೆಗೆ, ಅವತ್ತು ನಡುಮನೆಯಲ್ಲಿ ನನ್ನ ಸುಳ್ಳು ನೋಯಿಸಿದ್ದು ನೀಲಮ್ಮನವರೊಬ್ಬರನ್ನೇ ಅಂದುಕೊಂಡಿದ್ದೆ.

ಗೋಡೆ ಹಿಡಿದು ಎದ್ದು, “ಗಾಡಿ ಕಟ್ಸು. ದುರ್ಗಕ್ಕೆ ಹೋಗಾಣ” ಅಂದರು.

ನಾಳೆ ಹೊರಡುತ್ತೇವೆ. ಏನು ಹೇಳಬೇಕು ಅನ್ನುವ ಚಿಂತೆ ನನಗಿಲ್ಲ; ನನಗೇ ಇದು ಹೊಸದು. ಹೆದರಿದ್ದೆ ಅನ್ನುವುದಿಲ್ಲ — ಊರಿಗೆ ಊರೇ ತಿರುಗಿ ನೋಡುವಾಗ ಹೆದರುವ ಹಕ್ಕು ನೀಲಮ್ಮನವರಿಗೂ ಇತ್ತು. ಸುಳ್ಳು ಹೇಳಿದೆ ಅನ್ನುತ್ತೇನೆ, ಅಷ್ಟೇ. ಅವರು ಕೂತುಕೊಳ್ಳಿ ಅನ್ನದಿದ್ದರೆ ನಿಂತೇ ಹೇಳುತ್ತೇನೆ. ಅತ್ತೆಗೆ ಮಾತ್ರ ಒಂದು ಚಾಪೆ ಕೊಡಿ ಅಂತ ಕೇಳಿಕೊಳ್ಳುತ್ತೇನೆ.