ಬೆಚ್ಚಗಿದ್ದ ಇಂಜಿನ್

ಮೂವತ್ತೊಂದು ವರ್ಷ ಬೈಕ್ ರಿಪೇರಿ ಮಾಡಿದವನು ನಾನು. ಬೀದಿಯವರು ನನ್ನನ್ನು ಕಾರ್ಬುರೇಟರ್ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಗಾಳಿಗೆ ಪೆಟ್ರೋಲು ಬೆರೆಸಿ ಇಂಜಿನ್ನಿಗೆ ಉಣಿಸುವ ಆ ಪುಟ್ಟ ಡಬ್ಬಿಯನ್ನು ಕತ್ತಲಲ್ಲೂ ಬಿಚ್ಚಿ ಜೋಡಿಸಬಲ್ಲೆ ಎಂದು ಕೊಚ್ಚಿಕೊಂಡೇ ಬದುಕಿದೆ. ಆಮೇಲೆ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳು ಬಂದವು. ಅದೇ ಕೆಲಸವನ್ನು ಸೆನ್ಸರ್ ಮಾಡತೊಡಗಿತು. ಎದುರುಗಡೆ ಒಬ್ಬ ಅಂಥ ಗಾಡಿಗಳ ದೋಷ ಹಿಡಿಯುವ ಸ್ಕ್ಯಾನರ್ ಇಟ್ಟುಕೊಂಡು ಅಂಗಡಿ ತೆರೆದ. ನಾನೂ ಕಲಿಯಬಹುದಿತ್ತು. ಕೊಬ್ಬು, ಕಲಿಯಲಿಲ್ಲ. "ಸೆನ್ಸರ್ ಹೋದ್ರೆ ಗಾಡಿ ಗುಜರಿಗೇ" ಎಂದು ಬಂದವರಿಗೆಲ್ಲ ಹೇಳುತ್ತ ಕೂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಕ್ಕನ ಮಗಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೆಳಗ್ಗೆ ಆರಕ್ಕೆ ವಾರ್ಡಿನಲ್ಲಿ ರಕ್ತ ತೆಗೆಯಲು ನಿಂತಿರಬೇಕು. ಮೊದಲ ಮೂರು ತಿಂಗಳಲ್ಲಿ ಮೂರು ಸಲ ತಡವಾದರೆ ಮನೆಗೆ. ಅಷ್ಟು ಹೊತ್ತಿಗೆ ಬಸ್ಸಿಲ್ಲ.

"ಮಾವ, ಒಂದು ಸೆಕೆಂಡ್ ಹ್ಯಾಂಡ್ ಬೈಕ್ ನೋಡ್ಕೊಡಿ. ನೀವು ಹೇಳಿದ್ದನ್ನ ಕಣ್ಮುಚ್ಚಿ ತಗೋತೀನಿ" ಅಂದಳು.

ಬ್ರೋಕರನ ಅಂಗಳದಲ್ಲಿ ಎರಡು ಬೈಕುಗಳಿದ್ದವು. ಬೆಲೆ ಹೆಚ್ಚುಕಮ್ಮಿ ಒಂದೇ. ಇಂಜೆಕ್ಷನ್ನಿನದು ಬಟನ್ ಒತ್ತಿದ ಕೂಡಲೇ ಸ್ಟಾರ್ಟಾಯಿತು. ಕಾರ್ಬುರೇಟರಿನದಕ್ಕೆ ಬೆಳಗಿನ ಚಳಿಯಲ್ಲಿ, ಚೋಕ್ ಎಳೆದು ಒದ್ದರೂ, ಹದಿನೆಂಟು ಕಿಕ್ ಬೇಕಾಯಿತು. ನಾನೇ ಎಣಿಸಿದೆ. ಅವಳಿಗೆ ಯಾವುದು ಸರಿ ಎಂದು ಎಳೆಮಗುವೂ ಹೇಳುತ್ತಿತ್ತು. ಆದರೆ ನನಗೆ ನನ್ನದೇ ಚಿಂತೆ. ಸ್ವಂತ ಅಕ್ಕನ ಮಗಳ ಗಾಡಿ ರಿಪೇರಿಗೆಂದು ಎದುರಿನ ಅಂಗಡಿ ಮುಂದೆ ನಿಂತರೆ ಬೀದಿಯವರು ನಗುವುದಿಲ್ಲವೇ?

ಅವಳು ಬರಬೇಕಾದ ದಿನ ಅರ್ಧ ಗಂಟೆ ಮುಂಚೆ ಹೋಗಿ, ಆ ಕಾರ್ಬುರೇಟರ್ ಗಾಡಿಯನ್ನು ಒದ್ದು ಒದ್ದು ಸ್ಟಾರ್ಟ್ ಮಾಡಿ, ಚೆನ್ನಾಗಿ ಕಾಯಿಸಿ ಆಫ್ ಮಾಡಿಟ್ಟೆ. ಕಾದ ಇಂಜಿನ್ ಒಂದೇ ಕಿಕ್ಕಿಗೆ ಏಳುತ್ತದೆ. ಹಳೇ ಗಾಡಿ ಮಾರುವವರ ಹಳೇ ಮೋಸ ಇದು. "ಮೊದಲು ಇಂಜಿನ್ ಮೇಲೆ ಕೈಯಿಡು. ಬೆಚ್ಚಗಿದ್ರೆ ಮಾತಾಡ್ದೆ ವಾಪಸ್ ಬಾ" ಎಂದು ಅವಳಿಗೆ ಹೇಳಿಕೊಟ್ಟಿದ್ದವನೂ ನಾನೇ.

ಬಂದವಳೇ ಕೈಯಿಟ್ಟಳು. "ಬೆಚ್ಚಗಿದೆಯಲ್ಲ ಮಾವ?"

"ನಿನಗೋಸ್ಕರ ಒಂದು ರೌಂಡ್ ಹೊಡ್ಕೊಂಡು ಬಂದೆ ಕಣೇ. ಬೆಣ್ಣೆ ಇದ್ದಂಗಿದೆ."

ನಾಲಿಗೆ ಸೇದಿಹೋಗಬಾರದಿತ್ತೇ ಆಗ!

"ಮತ್ತೆ ಆ ಇನ್ನೊಂದು?"

"ಅದಾ? ಸೆನ್ಸರ್ ಕೈಕೊಟ್ರೆ ಆಸ್ಪತ್ರೆವರೆಗೂ ತಳ್ಕೊಂಡು ಹೋಗು."

ಕೈಯನ್ನು ಇಂಜಿನ್ ಮೇಲೆ ಇನ್ನೊಂದು ಗಳಿಗೆ ಹಾಗೇ ಇಟ್ಟಿದ್ದಳು. ಆಮೇಲೆ "ಸರಿ, ಇದೇ ಇರ್ಲಿ" ಅಂದಳು.

ಚಳಿ ಜೋರಾಯಿತು. ಐದೂಕಾಲಿಗೆ ಅವಳ ಫೋನು ಬರತೊಡಗಿತು. ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್ ಊದಿ ಕಸ ತೆಗೆದೆ, ಪ್ಲಗ್ ಬದಲಿಸಿದೆ, ಡಬ್ಬಿಯನ್ನೇ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೆ. ಸವೆದದ್ದು ತೊಳೆದರೆ ಬೆಳೆಯುತ್ತದೆಯೇ? ಮೊದಲ ಸಲ ತಡವಾಯಿತು. ಎರಡನೇ ಸಲವೂ ಆದಾಗ, ಥೂ, ಅವಳನ್ನೇ ಗದರಿಸಿದೆ: "ಚೋಕ್ ಎಳೆಯೋಕೂ ಬರಲ್ವೇನೇ ನಿಂಗೆ?" ಅವಳು ಮಾರನೇ ದಿನದಿಂದ ನಾಲ್ಕೂವರೆಗೇ ಎದ್ದು ಒದೆಯುತ್ತಿದ್ದಳಂತೆ. ಹಾಗಿದ್ದೂ ಮೂರನೇ ಸಲ ತಪ್ಪಲಿಲ್ಲ.

ಅವತ್ತು ಹನ್ನೊಂದು ಗಂಟೆಗೆ ಗಾಡಿಯನ್ನು ಅಂಗಡಿ ಮುಂದೆ ತಂದು ನಿಲ್ಲಿಸಿದಳು. ಲ್ಯಾಬಿನ ಕೋಟು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಕೆಲಸ ಹೋಯ್ತು ಮಾವ."

ನನ್ನಿಂದ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಹದಿನೆಂಟು ಕಿಕ್ಕಿನಿಂದ ಹಿಡಿದು ಎದುರಿನ ಅಂಗಡಿಯವರೆಗೆ. ತಲೆ ಎತ್ತಿ ಅವಳ ಮುಖ ನೋಡಲು ಧೈರ್ಯ ಬರಲಿಲ್ಲ.

"ನೀವೇ ಹೇಳ್ಕೊಟ್ಟಿದ್ರಲ್ಲ ಮಾವ, ಬೆಚ್ಚಗಿದ್ರೆ ವಾಪಸ್ ಬಾ ಅಂತ" ಅಂದಳು. "ಬೇರೆ ಯಾರಾದ್ರೂ ತೋರ್ಸಿದ್ರೆ ಬಂದ್ಬಿಡ್ತಿದ್ದೆ. ತೋರ್ಸ್ತಿರೋದು ನನ್ನ ಮಾವ ಅಂತ, ನನ್ನ ಕೈಯನ್ನೇ ನಂಬ್ಲಿಲ್ಲ."

ಕೀಲಿಯನ್ನು ಬೆಂಚಿನ ಮೇಲಿಟ್ಟು ನಡೆದೇ ಮನೆಗೆ ಹೋದಳು.